ಹುಣಸೆಯ ಸುತ್ತ ನಾಲ್ವರು

ಎಪ್ಪತ್ತಾರರ ಬೇಸಿಗೆ. ಸಿಂದಗಿ ಹತ್ತಿರದ ಒಂದೂರಿನಲ್ಲಿ, ಯಾರೂ ಕಡಿಯಬಾರದೆಂದು ಸರಕಾರ ತಂತಿಬೇಲಿ ಹಾಕಿಸಿದ್ದ ಮುದಿ ಹುಣಸೆಮರ ನೋಡಲು ನಾವು ನಾಲ್ವರು ಹೆಂಗಸರು ಹೋಗಿದ್ದೆವು. ಮಟಮಟ ಮಧ್ಯಾಹ್ನ.

"ಈ ಮರ ತೆಕ್ಕಿಗೆ ಬರಬೇಕಂದ್ರ ಐದು ಮಂದಿ ಬೇಕ್ರಿ. ನಾಕು ಮಂದಿ ಕೈ ಕೂಡಿಸಬ್ಯಾಡ್ರಿ," ಎಂದ ನಮ್ಮನ್ನು ಬೇಲಿಯೊಳಗೆ ಬಿಟ್ಟ ಕಾವಲುಗಾರ ಧೂಳಪ್ಪ.

"ಕೂಡಿಸಿದ್ರ ಏನಾಗತೈತಿ, ನೋಡೇಬಿಡೂನು!" ಎಂದು ನಾನೇ ಮೊದಲು ಬೊಡ್ಡೆಗೆ ಎದೆ ಹಚ್ಚಿದೆ.

ಬಲಗೈಯನ್ನು ನಾದಿನಿ ರೇವವ್ವ ಹಿಡಿದಳು, ಬೆವೆತ ಕೈ. ಅವಳ ಇನ್ನೊಂದು ಕೈಯನ್ನು ನಮ್ಮತ್ತೆ ಹಿಡಿದರು. ಎಡಗೈಯನ್ನು ನೆರೆಮನೆಯ ಶಂಕ್ರೆವ್ವನಿಗೆಂದು ಚಾಚಿದೆ. ಅದನ್ನು ಹಿಡಿದ ಕೈ ನೀರು ತುಂಬಿದ ಕೊಡದಂತೆ ತಣ್ಣಗಿತ್ತು. ಸುತ್ತು ಕೂಡಿತೆಂದು ನಕ್ಕೆ.

ಅಷ್ಟರಲ್ಲಿ ಮರದಾಚೆಯಿಂದ ಶಂಕ್ರೆವ್ವ ಕೂಗಿದಳು: "ಅಕ್ಕಾರ, ನಿಮ್ಮ ಕೈ ನಂಗ ನಿಲುಕವಲ್ದು!"

ನಾನು ಬಿಡಲಿಲ್ಲ, ಇನ್ನಷ್ಟು ಬಿಗಿಹಿಡಿದೆ. ಕೊನೆಗೆ ಬಿಟ್ಟದ್ದು ಆ ಕೈಯೇ.

ಬೆಳಿಗ್ಗೆ ನನ್ನ ಎಡಗೈಯಲ್ಲಿ ಆರು ಹಸಿರು ಬಳೆಗಳಿದ್ದವು. ಈಗ ಅವುಗಳ ನಡುವೆ ಕರಿಯದೊಂದು. ಚಿಕ್ಕ ಹುಡುಗಿಯ ಅಳತೆಯ ಬಳೆ. ಏನು ಮಾಡಿದರೂ ಅಂಗೈ ದಾಟಿ ಹೊರಬರದು.

"ಒಡದು ತಗೀರಿ, ವೈನಿ," ಎಂದು ರೇವವ್ವ ಅತ್ತಳು.

"ಯಾಕ ಒಡೀಲಿ? ಹಾಕಿದಾಕಿನ ಬಂದು ತಗೀಲಿ," ಎಂದೆ.

ಇಂದಿಗೂ ಕೈಯಲ್ಲೇ ಇದೆ.