ಸೋಮವಾರ ನಾಲ್ಕು ಗಂಟೆಯವರೆಗೆ

ಬಾಗಿಲು ತೆರೆದವಳು ಟೀಚರ್. ಹೊರಗೆ, ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ದ್ರಾಕ್ಷಿಯ ಪೊಟ್ಟಣ ಹಿಡಿದು ನಿಂತವನು ಲಿಫ್ಟಪ್ಪ.

"ಓ, ಬದುಕಿದ್ದೀಯಾ?" ಅಂದ ಅವನು.

ತಮಾಷೆಗೇ ಅಂದಿದ್ದ. ಆದರೂ ಅವಳ ಕೈ ತಾನಾಗಿ ಕುತ್ತಿಗೆಯ ದುಪಟ್ಟಾಕ್ಕೆ ಹೋಯಿತು. ಎರಡು ತಿಂಗಳಲ್ಲಿ ಅವನ ಎಷ್ಟು ಕರೆಗಳನ್ನು ಎತ್ತದೆ ಬಿಟ್ಟಿದ್ದಳೋ ಲೆಕ್ಕವಿಲ್ಲ. ಕೊನೆಗೆ ಅವನೇ ಮಾಡುವುದು ಬಿಟ್ಟಿದ್ದ.

ಶನಿವಾರ, ಭಾನುವಾರ, ಅದಕ್ಕಂಟಿಕೊಂಡು ಸೋಮವಾರವೂ ರಜೆ. ಇಂಥ ರಜೆಗೆ ಗೆಳತಿ ನರ್ಸ್ ಮತ್ತು ಅವಳ ಗಂಡನ ಮನೆಯಲ್ಲಿ ಸೇರುವುದು ಹನ್ನೆರಡು ವರ್ಷದ ರೂಢಿ. ಗಂಡ ಬೇಕರಿ ನಡೆಸುತ್ತಿದ್ದ, ಎಲ್ಲರಿಗೂ ಬೇಕರಿ ಭಾವ. ಲಿಫ್ಟಪ್ಪ ಊರಿನ ಅರ್ಧ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಟೀಚರ್ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುವವಳು.

ಪಾಠ ಹೇಳುತ್ತಿದ್ದವಳು. ಎರಡು ತಿಂಗಳಿಂದ ರಜೆ. ಗಂಟಲು ಕಟ್ಟಿದೆ ಅಂತ ತೋರಿಸಲು ಹೋದವಳಿಗೆ ಡಾಕ್ಟರು ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಹೇಳಿದ್ದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ. ಈ ದನಿ ಉಳಿಯುವುದಿಲ್ಲ.

ಸೋಮವಾರ ಸಂಜೆ ನಾಲ್ಕಕ್ಕೆ ಅಡ್ಮಿಟ್. ಮಂಗಳವಾರ ಬೆಳಿಗ್ಗೆ ಆಪರೇಷನ್. ಗೊತ್ತಿದ್ದದ್ದು ಅವಳ ಅಮ್ಮನಿಗೆ, ಈ ನರ್ಸ್ ಗೆಳತಿಗೆ, ಭಾವನಿಗೆ. ಲಿಫ್ಟಪ್ಪನಿಗೆ ಹೇಳಕೂಡದೆಂದು ಮೂವರಿಂದಲೂ ಆಣೆ ಮಾಡಿಸಿಕೊಂಡಿದ್ದಳು.

"ದನಿ ಏನಾಯ್ತೇ ನಿಂದು?" ಲಿಫ್ಟಪ್ಪ ಚಪ್ಪಲಿ ಬಿಡುತ್ತಾ ಕೇಳಿದ.

"ಶೀತ."

"ಎರಡು ತಿಂಗಳ ಶೀತಾನಾ?"

ಅವಳು ದ್ರಾಕ್ಷಿ ತೊಳೆಯಲು ಹೋದಳು.

ಊಟಕ್ಕೆ ಕೂತಾಗ ಮಾತು ಎಂದಿನಂತೆ ಎಲ್ಲೆಲ್ಲೋ ಸುತ್ತಿತು. ಮೇಲಿನ ಮನೆಯವರ ವಾಷಿಂಗ್ ಮೆಷಿನ್ನಿನ ಸದ್ದು. ಭಾವನ ಹೊಟ್ಟೆ. "ಅದು ಹೊಟ್ಟೆಯಲ್ಲ, ಅಂಗಡಿಯ ಜಾಹೀರಾತು," ಅಂದ ಭಾವ. ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಲಿಫ್ಟಪ್ಪ, ಉಪ್ಪು ಕೊಡಿ ಅಂದಷ್ಟೇ ಸಲೀಸಾಗಿ ಹೇಳಿದ:

"ನನ್ನ ಬೇರೆ ಊರಿಗೆ ಹಾಕಿದ್ದಾರೆ. ಎರಡು ವರ್ಷ. ಮಂಗಳವಾರ ಬೆಳಿಗ್ಗೆ ರೈಲು."

"ನೀನು ಒಪ್ಕೊಂಡ್ಯಾ?" ನರ್ಸ್ ಕೇಳಿದಳು.

"ಕೇಳಿದ್ರು, ಹೂಂ ಅಂದೆ. ಇಲ್ಲಿ ಬೇಡ ಅನ್ನೋಕೆ ಯಾರಿದ್ದಾರೆ?"

ಅದನ್ನು ಅವನು ತಟ್ಟೆ ನೋಡುತ್ತಾ ಹೇಳಿದ. ಆಮೇಲೆ ತಲೆಯೆತ್ತಿ ಒಂದೇ ಕ್ಷಣ ಟೀಚರ್ ಕಡೆ ನೋಡಿದ. ಸಾಲ ಕೇಳಲು ಬಂದವನು ಹೊಸ್ತಿಲಲ್ಲೇ ನಿಂತು ನೋಡುವ ಹಾಗಿತ್ತು ಆ ನೋಟ. ಅವಳು ಅನ್ನ ಕಲಸುತ್ತಲೇ ಇದ್ದಳು. ತುತ್ತು ಬಾಯಿಗೆ ಹೋಗಲಿಲ್ಲ.

ಭಾನುವಾರ ಅಡಿಗೆಮನೆಯಲ್ಲಿ ನರ್ಸ್ ಅವಳ ರಟ್ಟೆ ಹಿಡಿದಳು. "ಇವತ್ತು ಹೇಳ್ತೀಯೋ ಇಲ್ವೋ?"

"ಹೇಳಿದ್ರೆ ಉಳೀತಾನೆ. ಅಯ್ಯೋ ಪಾಪ ಅಂತ ಉಳೀತಾನೆ. ಅದು ನಂಗೆ ಬೇಡ."

"ಕಾಯಿಲೆ ಹೇಳ್ಬೇಡ ಹಂಗಾದ್ರೆ. ಇನ್ನೊಂದು ಇದೆಯಲ್ಲ ಮನಸ್ಸಲ್ಲಿ, ಅದನ್ನ ಹೇಳು. ಇರೋ ದನೀಲೇ ಹೇಳು. ಆಮೇಲೆ ಕಾಗದದ ಮೇಲೆ ಬರ್ಕೊಂಡು ಅಳ್ತಾ ಕೂತಿರ್ತೀಯಾ?"

ಆ ಮಾತು ನಾಟಿತು. ಇಷ್ಟು ವರ್ಷ ಇಡೀ ಕ್ಲಾಸನ್ನು ಒಂದೇ ಕೂಗಿಗೆ ಕೂರಿಸಿದ ದನಿ. ಆ ದನಿ ಒಮ್ಮೆಯೂ ಆ ಒಂದು ಮಾತನ್ನು ಆಡಿರಲಿಲ್ಲ. ಉಳಿದದ್ದು ಒಂದೂವರೆ ದಿನ.

ಸಂಜೆ ಅವನು ಪಾತ್ರೆ ತೊಳೆಯುತ್ತಿದ್ದ, ಅವಳು ಒರೆಸುತ್ತಿದ್ದಳು. ಅವನ ಮೊಣಕೈಗೆ ಸೋಪಿನ ನೊರೆ ಅಂಟಿತ್ತು. ಒರೆಸಲು ಬಟ್ಟೆ ಚಾಚಿದವಳು ಹಾಗೇ ನಿಂತಳು.

"ಏನು?"

"ಏನಿಲ್ಲ... ನಿಂಗೆ ಒಂದು ಮಾತು..."

"ಲಿಫ್ಟಪ್ಪಾ!" ಭಾವ ಕೂಗುತ್ತಾ ಒಳಬಂದ. "ಈ ಬಾಗಿಲಿನ ಕೀಲು ನೋಡೋ ಮಾರಾಯ, ಕಿರ್ ಅನ್ನುತ್ತೆ."

ಹಾಳು ಕೀಲು. ಎಣ್ಣೆ ಬಿಟ್ಟು, ತಿರುಪು ಬಿಗಿದು ಮುಗಿಸುವಷ್ಟರಲ್ಲಿ ಅವಳ ಧೈರ್ಯ ಆರಿಹೋಗಿತ್ತು. ಆ ಸಂಜೆ ಅವನು ಮತ್ತೆ ಕೇಳಲೂ ಇಲ್ಲ.

ಸೋಮವಾರ ಮಧ್ಯಾಹ್ನ ಎರಡಕ್ಕೆ ಅವನು ಹೊರಟು ನಿಂತ. ಪೆಟ್ಟಿಗೆ ಕಟ್ಟಬೇಕಂತೆ. ಭಾವ ಅಪ್ಪಿಕೊಂಡ. ನರ್ಸ್ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ಉಳಿದವರು ಇಬ್ಬರೇ.

"ನಾನೇನು ತಪ್ಪು ಮಾಡ್ದೆ ಅಂತ ಒಂದು ಸಲ ಹೇಳಿಬಿಡು," ಅಂದ ಅವನು ಮೆಲ್ಲಗೆ. "ಹೇಳಿದ್ರೆ ಸಮಾಧಾನವಾಗಿ ಹೋಗ್ತೀನಿ."

ಅವಳು ಬಾಯಿ ತೆರೆದಳು.

ದನಿ ಬರಲಿಲ್ಲ. ಮೂರು ದಿನ ಮಾತಾಡಿ ದಣಿದಿದ್ದ ಗಂಟಲು ಆ ಗಳಿಗೆಯಲ್ಲೇ ಕೈಕೊಟ್ಟಿತು. ತುಟಿ ಮಾತ್ರ ಅಲುಗಿತು. ಅವನು ಕಾದ. ಮತ್ತೂ ಕಾದ. ಆಮೇಲೆ ತಲೆಯಾಡಿಸಿ, "ಆಯ್ತು, ಬಿಡು," ಅಂದು ಲಿಫ್ಟಿನೊಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಅವಳು ಗುಂಡಿ ಒತ್ತಿದಳು. ಒತ್ತಿದಳು, ಮತ್ತೆ ಒತ್ತಿದಳು. ಲಿಫ್ಟ್ ಕೆಳಗಿಳಿಯುತ್ತಲೇ ಇತ್ತು.

ನಾಲ್ಕು ಮಹಡಿಯ ಮೆಟ್ಟಿಲು. ಬರಿಗಾಲಲ್ಲಿ ಓಡಿದಳು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಉಸಿರು ಸೀಟಿ ಹೊಡೆಯತೊಡಗಿತ್ತು. ಗೋಡೆ ಹಿಡಿದಳು, ಕೈ ಜಾರಿತು, ಮತ್ತೆ ಹಿಡಿದಳು. ಕೆಳಗೆ ಬಂದಾಗ ಬೈಕ್ ಆಗಲೇ ಸ್ಟಾರ್ಟ್ ಆಗಿತ್ತು. ಕೂಗಲು ಗಂಟಲಿಲ್ಲ. ಕೂಗಿದರೂ ಹೆಲ್ಮೆಟ್ಟಿನೊಳಗೆ ಕೇಳುತ್ತಿರಲಿಲ್ಲ. ಓಡಿಹೋಗಿ ಗೇಟಿನ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟಳು.

ಬ್ರೇಕ್ ಕಿರುಚಿತು. ಚಕ್ರ ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ತಲೆ ಕೆಟ್ಟಿದೆಯೇನೇ ನಿಂಗೆ?"

ಅವನ ಅಂಗಿಯ ಕಾಲರ್ ಹಿಡಿದು ಎಳೆದಳು. ಹೆಲ್ಮೆಟ್ ತೆಗೆ ಅಂತ ಸನ್ನೆ ಮಾಡಿದಳು. ಅವನ ಕಿವಿಗೆ ಬಾಯಿಟ್ಟಳು. ಒರಟಾಗಿ, ತುಂಡು ತುಂಡಾಗಿ, ಉಸಿರೇ ಮಾತಾಗಿ ಬಂತು.

"ನೀನಂದ್ರೆ... ನಂಗೆ ಇಷ್ಟ. ತುಂಬಾ ವರ್ಷದಿಂದ. ಇದು ಮೊದಲು ಕೇಳಿಸ್ಕೋ. ಆಮೇಲೆ ಇನ್ನೊಂದಿದೆ."

ಇನ್ನೊಂದನ್ನೂ ಹೇಳಿದಳು.

ಅವನು ಬೈಕಿನ ಎಂಜಿನ್ ಆರಿಸುವುದನ್ನೇ ಮರೆತಿದ್ದ. ಮುಖ ಮೊದಲು ಬಿಳಿಚಿತು, ಆಮೇಲೆ ಕೋಪ ಬಂತು.

"ಎರಡು ತಿಂಗಳು! ಒಬ್ಬಳೇ ಆಸ್ಪತ್ರೆ ಮೆಟ್ಟಿಲು ಹತ್ತಿ ಇಳ್ದಿದ್ದೀಯಲ್ಲೇ! ನಾನೇನು ಸತ್ತುಹೋಗಿದ್ನಾ?" ಅಂದವನ ದನಿ ನಡುವೆಯೇ ಒಡೆಯಿತು. ಬೈಕಿನಿಂದ ಇಳಿದು ಗೇಟಿನ ಕಂಬಕ್ಕೆ ಹಣೆಯೂರಿ ನಿಂತ. ಅವನ ಬೆನ್ನು ಅಲುಗುವುದನ್ನು ಅವಳು ನೋಡಿದಳು. ಹತ್ತಿರ ಹೋಗಿ ಆ ಬೆನ್ನಿಗೆ ಕೆನ್ನೆಯಿಟ್ಟಳು.

ಆಸ್ಪತ್ರೆಗೆ ಅವನೇ ಕರೆದೊಯ್ದ. ಅಮ್ಮ, ನರ್ಸ್ ಕಾಗದಪತ್ರ ಹಿಡಿದು ಕೌಂಟರಿನ ಸಾಲಿನಲ್ಲಿ ನಿಂತರೆ, ಇವರಿಬ್ಬರೂ ಔಷಧದ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತರು. ನಾಲ್ಕಾಗಲು ಇಪ್ಪತ್ತೈದು ನಿಮಿಷವಿತ್ತು. ಅವನು ಫೋನ್ ತೆಗೆದು ರೆಕಾರ್ಡಿಂಗ್ ಹಾಕಿದ.

"ಮಾತಾಡು. ಏನಾದ್ರೂ."

ಅವಳು ಫೋನನ್ನು ಕಿತ್ತು ಆರಿಸಿದಳು.

"ನೀನು ಆ ದನಿ ಕೇಳ್ತಾ ಕೂತ್ರೆ, ಆಮೇಲೆ ಉಳಿಯೋ ನನ್ನ ಪಕ್ಕ ಯಾರೋ ಕೂರೋದು?"

ಅವನು ಫೋನನ್ನು ಜೇಬಿಗೆ ಹಾಕಿದ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದು ಬಗ್ಗಿ ಕೂತ. ಅವಳು ಪಿಸುಗುಟ್ಟಿದಳು. ಬಚ್ಚಲಿನ ನಲ್ಲಿ ಸೋರುವುದು, ಕ್ಲಾಸಿನಲ್ಲಿ ಪೆನ್ಸಿಲ್ ತಿನ್ನುವ ಹುಡುಗಿ, ಅಳತೆ ತಪ್ಪಿಸಿ ಕುಪ್ಪಸ ಹಾಳುಮಾಡಿದ ದರ್ಜಿ. ಅವನು ಎಲ್ಲಕ್ಕೂ "ಹೂಂ, ಹೂಂ" ಅಂದ. ಒಂದೊಂದು ಹೂಂಗೂ ಅವನ ಹಿಡಿತ ಬಿಗಿಯಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಬಾಗಿಲು ಮುಟ್ಟಿದಾಗ ಅವಳು ಅವನನ್ನು ಬಳಿ ಕರೆದಳು. ಏನೇನೋ ಯೋಚಿಸಿಟ್ಟಿದ್ದಳು. ಅವನ ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು.

"ಹೋಗಿ ತಿಂಡಿ ತಿನ್ನು," ಅಂದಳು.

ಆ ದನಿಯ ಕೊನೆಯ ಮಾತು ಅದೇ ಆಯಿತು.

ಎಚ್ಚರವಾದ ಮೇಲೆ ಎರಡು ದಿನ ಅವಳು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದಳು. ಕುತ್ತಿಗೆಯಲ್ಲಿ ತೂತು, ಮೂಗಿನಲ್ಲಿ ನಳಿಗೆ. ಉಸಿರು ತನ್ನದಲ್ಲದ ಜಾಗದಿಂದ ಹೋಗಿ ಬರುತ್ತಿತ್ತು. ಅಳು ಬಂತು. ಅಳುವಿಗೂ ಸದ್ದಿರಲಿಲ್ಲ. ಅವನನ್ನು ಒಳಗೆ ಬಿಡಬೇಡಿ ಅಂತ ಅಮ್ಮನಿಗೆ ಬರೆದು ತೋರಿಸಿದಳು.

"ಅವನು ರೈಲು ಹತ್ತಲೇ ಇಲ್ಲ ಕಣೇ," ಅಂದಳು ಅಮ್ಮ. "ಬೇರೆಯವರನ್ನ ಕಳಿಸ್ಕೊಳ್ಳಿ ಅಂತ ಕಂಪನಿಗೆ ಹೇಳ್ಬಿಟ್ಟ. ಎರಡು ದಿನದಿಂದ ಹೊರಗಿನ ಕುರ್ಚೀಲೇ ಇದ್ದಾನೆ. ನಾನು ಹೇಳಿದ್ರೆ ಕೇಳೋ ಪ್ರಾಣಿ ಅಲ್ಲ ಅದು. ನೀನೇ ಹೇಳು."

ಮೂರನೇ ದಿನ ಬೆಳಿಗ್ಗೆ ಅವನು ಒಳಗೆ ಬಂದ. ಅವಳು ಮೊದಲೇ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಅವನತ್ತ ತಳ್ಳಿದಳು.

*ನಾನು ಹೇಳಿದ್ದು ವಾಪಸ್ ತಗೊಂಡಿದ್ದೀನಿ. ಮುಂದಿನ ರೈಲು ಹಿಡಿ. ಈ ಅವತಾರದ ಜೊತೆ ನೀನು ಬಾಳಬೇಕಾಗಿಲ್ಲ.*

ಅವನು ನಿಂತೇ ಓದಿದ. ಎರಡು ಸಲ ಓದಿದ. ಮಂಚದ ಅಂಚಿನಲ್ಲಿ ಕೂತು, ಅವಳ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡು, ಅವಳ ಸಾಲಿನ ಕೆಳಗೆ ತನ್ನ ಕಾಗೆಕಾಲು ಅಕ್ಷರದಲ್ಲಿ ಬರೆದ. ಬರೆದು ತಿರುಗಿಸಿದ.

*ಹೊಟ್ಟೆ ಹಸಿದಿದೆ. ಹತ್ತು ನಿಮಿಷ ಕೊಡು, ಕಾಫಿ ಕುಡಿದು ಬರ್ತೀನಿ. ಆಮೇಲೆ ಇಡೀ ಜೀವಮಾನ ಜಗಳ ಆಡೋಣ.*

ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾಗಿ ಬಗ್ಗಿ ನೋಡಿದ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನಗು ಅಂತ ತಿಳಿದಾಗ ಅವನ ಮುಖ ಅರಳಿತು. ಅವಳ ಹಣೆಯ ಕೂದಲು ಸರಿಸಿ, ಅಲ್ಲೊಂದು ಮುತ್ತಿಟ್ಟು ಎದ್ದುಹೋದ.

ಹತ್ತು ನಿಮಿಷ ಅಂದವನು ಐದಕ್ಕೇ ಬಂದ, ಕಾಫಿಯಿಂದ ನಾಲಿಗೆ ಸುಟ್ಟುಕೊಂಡು. ಅಷ್ಟರಲ್ಲಿ ಅವಳು ಜಗಳಕ್ಕೆ ಒಂದು ಪುಟ ತುಂಬಿಸಿ, ಹಾಳೆ ಮಗುಚಿದ್ದಳು.