ಉಪ್ಪುನೀರಿನ ತೊಟ್ಟಿಯ ಮೂರನೆಯ ಕೊಳವೆ

"ಮೇಡಂ, ನಮ್ಮ ವರ್ಕ್‌ಶಾಪಲ್ಲಿ ಸ್ಟೀಲೇ ಸತ್ತೋಗಿದೆ!"

ಬಿಂದುಶ್ರೀ ಬಾಗಿಲಲ್ಲೇ ನಿಂತು ಹೀಗೆಂದಾಗ ಗೋಪೀನಾಥ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಅವರ ಹೆಂಡತಿ ಅನಂತಲಕ್ಷ್ಮಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಆರ್‌ಪಿಸಿ ಲೇಔಟಿನಲ್ಲಿ ಯಾರ ಮನೆಯ ಒಡವೆ ಕಾಣೆಯಾದರೂ, ಯಾರ ಸಂಪಿನ ನೀರು ಮಾಯವಾದರೂ, ಜನ ಮೊದಲು ತೆಗೆಯುತ್ತಿದ್ದದ್ದು ಈ ಮನೆಯ ಗೇಟನ್ನೇ. ಅಂಥ ಪ್ರತಿಯೊಂದು ಪತ್ತೆಯಲ್ಲೂ ಸ್ಕೂಟರ್ ಓಡಿಸುವ ಕೆಲಸ ಗೋಪೀನಾಥರದು. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

ಬಿಂದುಶ್ರೀ ಅನಂತಲಕ್ಷ್ಮಿಯ ಹಳೆಯ ವಿದ್ಯಾರ್ಥಿನಿ. ಸುಂಕದಕಟ್ಟೆಯಲ್ಲಿ ಅವಳದೊಂದು ಸಣ್ಣ ವರ್ಕ್‌ಶಾಪು. ಮಲ್ಪೆ ಕಡೆಯ ಮೀನುಗಾರರ ಸಂಘವೊಂದು ತನ್ನ ರಕ್ಷಣಾ ದೋಣಿಗೆ ರೈಸರ್ ಮಾಡಿಕೊಡುವಂತೆ ಅವಳನ್ನು ಕೇಳಿತ್ತು.

"ರೈಸರ್ ಅಂದ್ರೆ?" ಎಂದರು ಗೋಪೀನಾಥ.

"ದೋಣಿ ಇಂಜಿನ್ನಿನ ಹೊಗೆ ಕೆಂಡದ ಥರ ಇರುತ್ತೆ ಸಾರ್. ಅದಕ್ಕೆ ಸಮುದ್ರದ ನೀರನ್ನೇ ಬೆರೆಸಿ, ತಣ್ಣಗೆ ಮಾಡಿ ಹೊರಗೆ ಬಿಡ್ತೀವಿ. ಆ ನೀರು ವಾಪಸ್ ಇಂಜಿನ್ನಿಗೆ ಇಳೀಬಾರ್ದು ಅಂತ ಎತ್ತರಕ್ಕೆ ಬಾಗಿಸಿರೋ ಕೊಳವೆನೇ ರೈಸರ್. ಅದು ಒಳಗೊಳಗೇ ತುಕ್ಕು ಹಿಡಿದು ತೂತಾದ್ರೆ ನೀರು ಒಳಗೆ ನುಗ್ಗುತ್ತೆ, ಇಂಜಿನ್ ನಡುಸಮುದ್ರದಲ್ಲಿ ನಿಂತೋಗುತ್ತೆ. ಕಾಪಾಡೋಕೆ ಹೋದವರನ್ನೇ ಕಾಪಾಡ್ಬೇಕಾಗುತ್ತೆ."

ಯಾವ ಲೋಹ ಬಾಳುತ್ತದೆಂದು ನೋಡಲು ಅವಳು ಬೀಡುಕಬ್ಬಿಣ, ಅಲ್ಯೂಮಿನಿಯಂ, ಸಮುದ್ರಕ್ಕೆಂದೇ ತಯಾರಾದ ಸ್ಟೇನ್‌ಲೆಸ್ ಸ್ಟೀಲು, ಈ ಮೂರರ ಕೊಳವೆ ತುಂಡುಗಳನ್ನು ಬಿಸಿ ಉಪ್ಪುನೀರಿನ ತೊಟ್ಟಿಯಲ್ಲಿ ವಾರಗಟ್ಟಲೆ ತೂಗುಹಾಕಿದ್ದಳು. ನಿನ್ನೆ ಬೆಳಿಗ್ಗೆ ಫಳಫಳ ಹೊಳೆಯುತ್ತಿದ್ದ ಸ್ಟೀಲು ಈಗ ತುಕ್ಕು ಹಿಡಿದು ತೂತಾಗಿತ್ತು. ನಾಳೆ ಸಂಘದವರು ನೋಡಲು ಬರುವವರಿದ್ದರು.

"ನಡೀರಿ," ಎಂದರು ಅನಂತಲಕ್ಷ್ಮಿ. ಗೋಪೀನಾಥ ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದರು.

ವರ್ಕ್‌ಶಾಪಿನಲ್ಲಿ ಬಿಂದುಶ್ರೀಯ ತಮ್ಮ ದರ್ಶನ್ ಮುಖ ಊದಿಸಿಕೊಂಡು ನಿಂತಿದ್ದ. "ನಾನು ಮೊದಲಿಂದ್ಲೂ ಹೇಳ್ತಾ ಇದೀನಿ, ಬೀಡೇ ಸಾಕು ಅಂತ. ನನ್ನ ಫ್ರೆಂಡ್ ಫೌಂಡ್ರಿ ಇದೆ, ಎರಕ ಹೊಯ್ಸಿಕೊಟ್ರೆ ಮುಗೀತು. ಈಗ ನೋಡಿದ್ರೆ ಅಕ್ಕ ನನ್ನನ್ನೇ ಗುರಾಯಿಸ್ತಾಳೆ!"

"ಯಾರೋ ತೊಟ್ಟಿಗೆ ಆಸಿಡ್ ಸುರಿದಿರ್ಬೇಕು," ಎಂದ ಪಕ್ಕದ ಕಾರ್ ಸೈಲೆನ್ಸರ್ ಗ್ಯಾರೇಜಿನ ಜೀವನ್.

ಅನಂತಲಕ್ಷ್ಮಿ ತೊಟ್ಟಿಗೆ ಬಗ್ಗಿ ನೋಡಿದರು. ಬೀಡಿನ ಮೇಲೆ ಕಂದು ತುಕ್ಕು ಹಬ್ಬಿತ್ತು, ಅಲ್ಯೂಮಿನಿಯಂ ಮೇಲೆ ಅಲ್ಲಲ್ಲಿ ಬಿಳಿ ಹುಡಿ. ಎರಡೂ ನಿನ್ನೆಯಂತೆಯೇ ಇವೆ ಎಂದಳು ಬಿಂದುಶ್ರೀ. ಮೂರನೆಯದನ್ನು ಎತ್ತಿ, ಒರೆಸಿ, ಮೂಸಿ ಅನಂತಲಕ್ಷ್ಮಿ ಅದನ್ನು ಗಂಡನ ಮೂಗಿಗೆ ಹಿಡಿದರು.

"ಏನು ವಾಸನೆ ರೀ?"

"ತುಕ್ಕಿಂದು... ಜೊತೆಗೆ ಇನ್ನೇನೋ ಇದೆ ಕಣೇ. ಯಾಕೋ ಹಸಿವಾಗ್ತಿದೆ."

ನೆಲದ ಕಬ್ಬಿಣದ ಪುಡಿ ಬಳಿಯಲು ಇಟ್ಟಿದ್ದ ಅಯಸ್ಕಾಂತವನ್ನು ಆಕೆ ಆ ಕೊಳವೆಗೆ ತಾಗಿಸಿದರು. ಟಕ್ಕೆಂದು ಅಂಟಿಕೊಂಡಿತು. ಬಿಂದುಶ್ರೀಯ ಕಣ್ಣು ಅಗಲವಾಯಿತು.

"ಜೀವನ್, ನಿಮ್ಮ ಗ್ಯಾರೇಜಿನ ಹಳೇ ತುಂಡುಗಳು ಏನಾಗುತ್ವೆ?"

"ಯಾರು ಕೇಳಿದ್ರೂ ಕೊಡ್ತೀನಿ ಮೇಡಂ. ದರ್ಶನ್ ಪೆನ್ ಸ್ಟ್ಯಾಂಡ್ ಮಾಡ್ಕೊಂಡ, ಇವರಮ್ಮ ಊದುಗೊಳವೆಗೆ ಅಂತ ಒಯ್ದ್ರು, ಗುಜರಿಯೋರು ಉಳಿದಿದ್ದು ಒಯ್ತಾರೆ."

ಅಷ್ಟರಲ್ಲಿ ಬಿಂದುಶ್ರೀಯ ತಾಯಿ ಮುನಿಲಕ್ಷ್ಮಮ್ಮ ದಿನದಂತೆ ಹೆಗ್ಗನಹಳ್ಳಿಯ ಮನೆಯಿಂದ ಊಟದ ಕ್ಯಾರಿಯರ್ ಹಿಡಿದು ಬಂದರು. ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು, ಮೊಸರನ್ನ ಬಡಿಸಿದರು. ಗೋಪೀನಾಥ ಸಂಕೋಚಪಡದೆ ಉಪ್ಪಿನಕಾಯಿ ಕೇಳಿದರು.

"ಈ ಸಲ ನಿಂಬೇಕಾಯಿದು ಕೆಟ್ಟೋಯ್ತು ಸಾರ್, ಚೆಲ್ಲಿಬಿಟ್ಟೆ."

"ನಮ್ಮಮ್ಮನ ಉಪ್ಪಿನಕಾಯಿ ಕೆಡೋದಾ? ನಾನು ಹುಟ್ಟಿದ್ಮೇಲೆ ಇದೇ ಮೊದಲು," ಎಂದು ನಕ್ಕ ದರ್ಶನ್.

ಅನಂತಲಕ್ಷ್ಮಿ ಕೈತೊಳೆದು ಬಂದು ಮುನಿಲಕ್ಷ್ಮಮ್ಮನ ಪಕ್ಕ ಕೂತರು. "ಮನೇಲಿ ಇನ್ನೂ ಸೌದೆ ಒಲೆ ಇದೆಯೇನಮ್ಮ?"

"ಎಲ್ಲಿ ಬಂತು ಮೇಡಮ್ಮೋರೆ! ಗ್ಯಾಸು, ಮೇಲೆ ಸೋಲಾರು."

ಗೋಪೀನಾಥ ತಟ್ಟೆ ಬದಿಗಿಟ್ಟು ಎದ್ದರು. ಹೆಂಡತಿಯ ದನಿ ಅಷ್ಟು ಮೃದುವಾದರೆ ಪತ್ತೆ ಮುಗಿಯಿತೆಂದೇ ಅರ್ಥ. ಅವರು ಎಲ್ಲರನ್ನೂ ತೊಟ್ಟಿಯ ಸುತ್ತ ಕೂರಿಸಿದರು.

"ಆಸಿಡ್ ಸುರಿದಿದ್ರೆ ಮೊದಲು ಕರಗ್ತಿದ್ದದ್ದು ಅಲ್ಯೂಮಿನಿಯಂ," ಎಂದು ಅನಂತಲಕ್ಷ್ಮಿ ಶುರು ಮಾಡಿದರು. "ಅದಕ್ಕೆ ಏನೂ ಆಗಿಲ್ಲ. ಅಂದ್ರೆ ಸ್ಟೀಲು ಕೆಟ್ಟಿಲ್ಲ, ಬದಲಾಗಿದೆ. ಬಿಂದು ಹಾಕಿದ್ದ ಸ್ಟೀಲಿಗೆ ಅಯಸ್ಕಾಂತ ಅಂಟಲ್ಲ, ಇದಕ್ಕೆ ಅಂಟ್ತು. ಅಂಟದೇ ಇದ್ದ ಮಾತ್ರಕ್ಕೆ ಒಳ್ಳೇ ಸ್ಟೀಲು ಅಂತಲ್ಲ. ಆದ್ರೆ ಹೀಗೆ ಅಂಟಿದ್ರೆ ಅದು ಬೇರೆ ಅಂತ ಗ್ಯಾರಂಟಿ. ಕಾರಿನ ಸೈಲೆನ್ಸರ್ ಇಂಥದ್ರಲ್ಲೇ ಮಾಡ್ತಾರೆ."

"ನಾನಲ್ಲ ಮೇಡಂ!" ಜೀವನ್ ಎದ್ದು ನಿಂತ.

"ಕೂತ್ಕೊಳ್ಳಪ್ಪ. ನೀನು ದಾನ ಮಾಡಿದ್ದೆ, ಅಷ್ಟೆ. ಇದನ್ನ ಯಾರೋ ದಿನಗಟ್ಟಲೆ ಉಪ್ಪು, ಹುಳಿಯಲ್ಲಿ ಮುಳುಗಿಸಿಟ್ಟಿದ್ರು. ನಮ್ಮನೆಯವರಿಗೆ ಹಸಿವಾಗಿದ್ದು ಇಂಗಿನ ವಾಸನೆಗೆ. ಉಪ್ಪಿನಕಾಯಿ ಸ್ಟೀಲನ್ನ ತಿನ್ನುತ್ತೆ, ಅದಕ್ಕೇ ಅದನ್ನ ಜಾಡಿಯಲ್ಲೇ ಹಾಕ್ಬೇಕು ಅಂತ ಯಾರಿಗೆ ಗೊತ್ತಿಲ್ಲ? ನಿನ್ನೆ ಅಕ್ಕ ತಮ್ಮ ಒಳಗೆ ಊಟ ಮಾಡುವಾಗ ತೊಟ್ಟಿ ಹತ್ರ ಇದ್ದದ್ದು ಯಾರು? ಸೌದೆ ಒಲೆಯೇ ಇಲ್ಲದ ಮನೆಗೆ ಊದುಗೊಳವೆ ಒಯ್ದದ್ದು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಮುನಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಮ್ಮಾ, ನೀನಾ?" ಬಿಂದುಶ್ರೀಗೆ ನಂಬಲಾಗಲಿಲ್ಲ.

"ಇನ್ನೇನು ಮಾಡ್ಲೇ? ಸ್ಟೀಲಾದ್ರೆ ನೀನೇ ಹೋಗಿ ಜೋಡಿಸ್ಬೇಕು, ಸಮುದ್ರದೊಳಗೆ ಓಡಿಸಿ ನೋಡ್ಬೇಕು ಅಂದ್ಯಲ್ಲ. ಬೀಡಾದ್ರೆ ದರ್ಶನ್ ಮಾಡಿಸಿ ಲಾರೀಲಿ ಕಳಿಸ್ತಾನೆ. ನಿಂಗೆ ಈಜು ಬರಲ್ಲ ಕಣೇ! ನಿನ್ನ ಸ್ಟೀಲು ಅಕ್ಕಿ ಡ್ರಮ್ಮಲ್ಲಿ ಭದ್ರವಾಗಿದೆ."

ಅನಂತಲಕ್ಷ್ಮಿ ಆಕೆಯ ಕೈ ಹಿಡಿದರು. "ಬೀಡನ್ನೂ ದೋಣಿಗೆ ಹಾಕ್ತಾರಮ್ಮ. ಆದ್ರೆ ಉಪ್ಪುನೀರು ಅದನ್ನ ಒಳಗಿಂದ ತಿನ್ನುತ್ತೆ, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಬದಲಾಯಿಸ್ಲೇಬೇಕು. ಮರೆತ್ರೆ ಕಷ್ಟ. ಆ ದೋಣಿ ಹೊರಡೋದೇ ಬೇರೆ ತಾಯಂದಿರ ಮಕ್ಕಳು ಮುಳುಗ್ತಿರುವಾಗ."

ಮುನಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಆಮೇಲೆ ಮಗನ ಕಡೆ ತಿರುಗಿದರು. "ಗಾಡಿ ತೆಗಿಯೋ ದರ್ಶನ್, ಅಕ್ಕಿ ಡ್ರಮ್ ತರಾಣ."

ಮಾರನೆಯ ದಿನ ಬಂದ ಸಂಘದವರು ಅಕ್ಕಿಯ ಹುಡಿ ಮೆತ್ತಿದ್ದ ಕೊಳವೆಯನ್ನು ತಿರುಗಿಸಿ ನೋಡಿದರು, ಲ್ಯಾಬಿನಲ್ಲೂ ಪರೀಕ್ಷೆ ಮಾಡಿಸಿ ಸ್ಟೀಲನ್ನೇ ಒಪ್ಪಿದರು. ಬೆಸುಗೆಯ ಸಂದಿನಲ್ಲಿ ಉಪ್ಪುನೀರು ನಿಲ್ಲದಂತೆ ಪ್ರತಿ ಸಲ ಸಿಹಿನೀರು ಹಾಯಿಸಬೇಕೆಂದು ಬಿಂದುಶ್ರೀ ಕಟ್ಟುನಿಟ್ಟು ಮಾಡಿದಳು. ತಾಯಿಯದೂ ಒಂದು ಷರತ್ತಿತ್ತು: ಮಗಳ ಜೊತೆ ದೋಣಿಗೆ ತಾನೂ ಬರುವುದು.

ದೋಣಿಯ ಪರೀಕ್ಷೆಯ ದಿನ ಗೋಪೀನಾಥರ ಫೋನಿಗೆ ಬಿಂದುಶ್ರೀಯ ವಿಡಿಯೋ ಕಾಲ್ ಬಂತು. ಇಂಜಿನ್ನಿನ ಸದ್ದು ಒಂದೇ ಹದದಲ್ಲಿತ್ತು. ದಡ ಮುಟ್ಟಿದ ದೋಣಿಯಲ್ಲಿ, ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ಮುನಿಲಕ್ಷ್ಮಮ್ಮ ಕೂತಿದ್ದರು.

"ಮೇಡಂ, ನೀವಾದ್ರೂ ಹೇಳಿ! ಟ್ರಯಲ್ ಮುಗಿದು ಎಷ್ಟೊತ್ತಾಯ್ತು, ಅಮ್ಮ ಇಳೀತಾನೇ ಇಲ್ಲ!"

ಹಿಂದಿನಿಂದ ಮುನಿಲಕ್ಷ್ಮಮ್ಮನ ದನಿ ಕೇಳಿಸಿತು: "ಇನ್ನೊಂದ್ ರೌಂಡ್ ಹಾಕ್ರಪ್ಪಾ, ಈ ಸಲ ಸ್ವಲ್ಪ ಜೋರಾಗಿ!"