ನಲವತ್ತು ನಿಮಿಷದ ದಾರಿ

"ರೀ, ನಿಮ್ಮ ಗಡಿಯಾರ ಸರಿ ಇದೆಯಾ? ವಿಮಾನ ಎಂಟಕ್ಕೆ ಬಿಟ್ಟಿದೆ ಅಂತ ಬರೆದಿದ್ದೀರಿ. ಇಲ್ಲಿ ಇಳಿದಾಗ ಎಂಟೂ ಐವತ್ತು! ನಲವತ್ತು ನಿಮಿಷದ ದಾರಿಗೆ ಇಷ್ಟು ಹೊತ್ತಾ?"

"ಎದುರುಗಾಳಿ ಇತ್ತು ಮೇಡಂ. ನನ್ನನ್ನ ಬೈದ್ರೆ ಗಾಳಿಗೆ ಬುದ್ಧಿ ಬರುತ್ತಾ?"

ಫೋನಿನ ಆ ಕಡೆಯ ನಗು ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವರಿಬ್ಬರ ಮೊದಲ ಮಾತೇ ಅದು!

ಇಬ್ಬರದೂ ಒಂದೇ ಕೆಲಸ. ಇನ್ನೂರು ಕಿಲೋಮೀಟರ್ ಅಂತರದ ಎರಡು ಪುಟ್ಟ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಪಟ್ಟಿ, ಸಾಮಾನಿನ ತೂಕ ನೋಡಿಕೊಳ್ಳುವುದು. ಬೆಟ್ಟ ಸುತ್ತಿ ರಸ್ತೆಯಲ್ಲಿ ಬಂದರೆ ಎಂಟು ಗಂಟೆ. ಒಬ್ಬರಿಗೆ ರಜೆ ಸಿಕ್ಕರೆ ಇನ್ನೊಬ್ಬರಿಗೆ ಸಿಗದು. ಎರಡು ವರ್ಷ ಬರೀ ಫೋನಿನಲ್ಲೇ ಕಳೆಯಿತು. ಯಾವಾಗ ಮನಸ್ಸು ಜಾರಿತೋ ಅವಳಿಗೇ ತಿಳಿಯಲಿಲ್ಲ.

ಈಗ ಅವಳಿಗೆ ದೂರದ ದೊಡ್ಡ ನಿಲ್ದಾಣಕ್ಕೆ ಬಡ್ತಿ ಬಂದಿತ್ತು. ಇಂದು ಸಂಜೆ ಐದರೊಳಗೆ ಒಪ್ಪಿ ಸಹಿ ಹಾಕಬೇಕು, ಇಲ್ಲವೇ ಬಿಡಬೇಕು.

"ಬೆಳಗಿನ ವಿಮಾನಕ್ಕೆ ಬರ್ತೀನಿ. ನಾನು ಬರೋವರೆಗೂ ಸಹಿ ಹಾಕ್ಬೇಡಿ," ಎಂದಿದ್ದ ನಿನ್ನೆ.

ಬೆಳಗಿನಿಂದ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

"ಏನೇ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಪಕ್ಕದ ಕೌಂಟರಿನ ಅಕ್ಕ ಛೇಡಿಸಿದಳು.

ಎಂಟಕ್ಕೆ ಆ ಕಡೆಯಿಂದ ಪಟ್ಟಿ ಬಂತು. ಕೊನೆಯಲ್ಲಿ ಅವನ ಹೆಸರು... ಅದರ ಮೇಲೆ ಗೆರೆ! ಪಕ್ಕದಲ್ಲಿ ಅವನದೇ ಸಹಿ. ವಿಮಾನದಲ್ಲಿ ಎರಡು ಸೀಟು ಖಾಲಿಯೇ ಇದ್ದವು.

'ತಾನೇ ಹೊಡೆದು ಹಾಕಿದ್ದಾನೆ... ಕೊನೇ ಗಳಿಗೆಯಲ್ಲಿ ಧೈರ್ಯ ಸಾಲಲಿಲ್ಲ!'

ಹತ್ತು ಸಲ ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಗಡಿಯಾರ ನೋಡುವುದು, ಬಾಗಿಲು ನೋಡುವುದು, ತನ್ನನ್ನೇ ಬೈದುಕೊಳ್ಳುವುದು.

ನಾಲ್ಕೂ ಐವತ್ತು. ಪೆನ್ನು ಕೈಗೆತ್ತಿಕೊಂಡಳು.

"ಮೇಡಂ..."

ಫೋನಿನ ಅದೇ ದನಿ! ಬಾಗಿಲಲ್ಲಿ ಅವನು! ತಲೆಯಿಂದ ಕಾಲಿನವರೆಗೆ ಧೂಳು. ಕಣ್ಣು ಕೆಂಪಾಗಿತ್ತು.

"ಈಗ ಬಂದ್ರಾ? ಹೆಸರು ಹೊಡೆದು ಹಾಕಿದ ಮೇಲೆ ಯಾಕೆ ಬರ್ಬೇಕಿತ್ತು?"

"ರೋಗಿಯೊಬ್ರು ಬಂದ್ರು, ಜೊತೆಗೆ ಅವರ ಉಸಿರಾಟದ ಯಂತ್ರ. ತೂಕ ಹೆಚ್ಚಾಯ್ತು. ಪುಕ್ಕಟೆ ಟಿಕೆಟ್‌ನ ಸಿಬ್ಬಂದಿ ಮೊದಲು ಇಳೀಬೇಕಲ್ವಾ? ನನ್ನ ಹೆಸರನ್ನ ನಾನೇ ಹೊಡೆದೆ. ತೂಕದ ಹಾಳೆ ನೋಡ್ಲಿಲ್ವಾ?"

ಅವಳು ಹಾಳೆಯನ್ನು ಎಳೆದುಕೊಂಡು ನೋಡಿದಳು. ದಿನಾ ತಪ್ಪದೆ ನೋಡುವ ಹಾಳೆ! ಇಂದು ಕಣ್ಣಿಗೆ ಬಿದ್ದದ್ದು ಅವನ ಹೆಸರೊಂದೇ.

"ಒಂದು ಫೋನ್ ಮಾಡೋಕೇನಾಗಿತ್ತು?"

"ಬಸ್ಸು ಹಿಡಿಯೋ ಆತುರದಲ್ಲಿ ಫೋನನ್ನ ಮೇಜಿನ ಮೇಲೇ ಬಿಟ್ಟೆ. ನಿಮ್ಮ ನಂಬರು ಬಾಯಲ್ಲಿ ಬರಲ್ಲ."

"ಎರಡು ವರ್ಷ ಮಾತಾಡಿ ನಂಬರೇ ಗೊತ್ತಿಲ್ವಾ!" ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅವನು ಬಡ್ತಿಯ ಪತ್ರವನ್ನು ಅವಳ ಮುಂದಕ್ಕೆ ಸರಿಸಿದ. "ಸಹಿ ಹಾಕಿ."

"ಏನು? ತಡೆಯೋಕೆ ಬಂದಿಲ್ವಾ ನೀವು?"

"ಈ ಕೆಲಸಕ್ಕೆ ಎಷ್ಟು ಆಸೆಪಟ್ಟಿದ್ರಿ ಅಂತ ನನಗೊತ್ತು. ನಾನು ಬಂದಿದ್ದು ಬೇರೆ ಕೇಳೋಕೆ..." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಿಮ್ಮನ್ನ ಪ್ರೀತಿಸ್ತೀನಿ. ನೀವು ಹೋಗೋ ಊರಿಗೆ ನಾನೂ ಬರ್ಲಾ? ಅಲ್ಲೇ ಯಾವ ಕೆಲಸ ಸಿಕ್ಕಿದ್ರೂ ಸರಿ."

ಅವಳು ಕಣ್ಣೊರೆಸಿಕೊಂಡು ಸಹಿ ಹಾಕಿದಳು.

"ಮೊದಲು ಮುಖ ತೊಳ್ಕೊಂಡು ಬನ್ನಿ."

"ಅಂದ್ರೆ?"

"ಅಮ್ಮ ಬೆಳಗಿನಿಂದ ಮನೇಲಿ ಕಾಯ್ತಿದ್ದಾಳೆ. ಅಳಿಯನನ್ನ ಈ ಅವತಾರದಲ್ಲಿ ಹೇಗ್ರೀ ತೋರಿಸ್ಲಿ?"